ವೈರ್ ಚುಚ್ಚದಂತೆ ಬ್ರಾ ಹೊಲಿಯುವುದು ಹೇಗೆ?

ಕಟೋರಿ ಬ್ಲೌಸ್ ಹೊಲಿಯಲು ಬರುವವರಿಗೆ ಬ್ರಾ ಹೊಲಿಯುವುದು ದೊಡ್ಡ ಕೆಲಸವೇನಲ್ಲ. ಆದರೂ ಕಷ್ಟಪಟ್ಟು ಹೊಲಿದ ಬ್ರಾ ಬೀರುವಿನ ಮೂಲೆ ಸೇರುವುದನ್ನು ತುಂಬಾ ನೋಡಿದ್ದೇನೆ. ಕಂಕುಳಲ್ಲಿ ಚುಚ್ಚುತ್ತೆ, ಎದೆಯ ನಡುವೆ ಒತ್ತುತ್ತೆ ಅಂತ ದೂರು. ಕಪ್ ಸರಿ ಬರಲಿಲ್ಲ ಅಂದುಕೊಂಡು ಮತ್ತೆ ಮತ್ತೆ ಕಪ್ಪನ್ನೇ ತಿದ್ದುತ್ತಾರೆ. ಹೆಚ್ಚಿನ ಸಲ ತಪ್ಪಿರುವುದು ವೈರಿನಲ್ಲಿ, ಇಲ್ಲವೇ ಅದನ್ನು ಕೂರಿಸುವ ಪಟ್ಟಿಯಲ್ಲಿ. ಹಾಗಾಗಿ ಮಿಕ್ಕಿದ್ದನ್ನು ಬೇಗ ಮುಗಿಸಿ ವೈರಿನ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಮೊದಲು ಅಳತೆ. ಎದೆಯ ಕೆಳಗೆ ಟೇಪನ್ನು ಬಿಗಿಯಾಗಿ ಸುತ್ತಿ. ಬಂದ ಇಂಚಿಗೆ ನಾಲ್ಕೋ ಐದೋ ಕೂಡಿಸಿ ಸೈಜ್ ಹೇಳುವ ಹಳೇ ರೂಢಿಯನ್ನು ಬಿಟ್ಟುಬಿಡಿ. ಹಾಗೆ ಮಾಡಿದರೆ ಬ್ಯಾಂಡ್ ಸಡಿಲವಾಗುತ್ತದೆ. ಭಾರ ಹೊರಬೇಕಾದ್ದು ಬ್ಯಾಂಡ್, ಹೆಗಲ ಪಟ್ಟಿ ಅಲ್ಲ. ಬ್ಯಾಂಡ್ ಸೈಜ್ ಬದಲಿಸಿದರೆ ಕಪ್ಪಿನ ಅಕ್ಷರವೂ ಬದಲಾಗಬೇಕು: 36ಬಿ, 34ಸಿ, 32ಡಿ ಮೂರಕ್ಕೂ ಕಪ್ಪಿನ ಗಾತ್ರ ಒಂದೇ, ಹಾಕುವ ವೈರೂ ಒಂದೇ.

ಸಾಮಾನು. ಹಿಂದಿನ ಬ್ಯಾಂಡಿಗೆ ಪವರ್ ನೆಟ್, ಅಂದರೆ ಎಳೆದರೆ ಹಿಗ್ಗಿ ಮತ್ತೆ ಬಿಗಿಯಾಗುವ ಬಲೆಯಂಥ ಬಟ್ಟೆ ಬೇಕು. ಕಪ್ಪಿನ ಕೆಳಗಿನ ತಳಪಟ್ಟಿಗೆ ಮತ್ತು ಎರಡು ಕಪ್‌ಗಳ ನಡುವಿನ ತುಂಡಿಗೆ ಚೂರೂ ಹಿಗ್ಗದ ಬಟ್ಟೆ. ಪಾಲಿಯೆಸ್ಟರ್ ದಾರ, 11 ನಂಬರಿನ ಸ್ಟ್ರೆಚ್ ಸೂಜಿ, ಝಿಗ್‌ಝ್ಯಾಗ್ ಬರುವ ಮಷೀನು. ನೇರ ಹೊಲಿಗೆ ಮಾತ್ರ ಬರುವ ಮಷೀನಿನಲ್ಲಿ ಎಲಾಸ್ಟಿಕ್ ಹೊಲಿದರೆ ಎಳೆದ ಕೂಡಲೇ ದಾರ ಕಿತ್ತುಬರುತ್ತದೆ. ಎಲಾಸ್ಟಿಕ್ ಒಳಮೈ ಮೆತ್ತಗಿರುವುದೇ ಆಗಬೇಕು. ಹುಕ್ಕು, ರಿಂಗು, ಸ್ಲೈಡರುಗಳನ್ನು ಹಳೇ ಬ್ರಾದಿಂದ ಬಿಚ್ಚಿಕೊಳ್ಳಿ, ಆದರೆ ಹಳೇ ವೈರ್ ಮಾತ್ರ ಬೇಡ. ಅದು ಈಗಾಗಲೇ ಬಾಗಿ ಹಿಗ್ಗಿರುತ್ತದೆ. ಪ್ಲಾಸ್ಟಿಕ್ ವೈರ್ ಅಂತ ಸಿಗುತ್ತಲ್ಲ, ಅದು ಮೈಶಾಖಕ್ಕೇ ಮೆತ್ತಗಾಗಿ ಆಕಾರ ಬಿಡುತ್ತದೆ, ದುಡ್ಡು ದಂಡ.

ಈಗ ವೈರ್ ಆರಿಸುವುದು. ಇದನ್ನು ಬಟ್ಟೆ ಕತ್ತರಿಸುವ ಮೊದಲೇ ಮಾಡಬೇಕು. ಕನ್ನಡಿ ಮುಂದೆ ನಿಂತು ಸ್ತನವನ್ನು ಸ್ವಲ್ಪ ಮೇಲೆತ್ತಿ, ಅದು ಪಕ್ಕೆಲುಬಿಗೆ ಸೇರುವ ಮಡಿಕೆಯ ಮೇಲೆ ಹುಬ್ಬಿನ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಎದೆಮೂಳೆಯ ಹತ್ತಿರ ಶುರುವಾಗಿ ಕಂಕುಳ ಕಡೆ ಮಾಂಸ ಮುಗಿಯುವವರೆಗೂ ಗೆರೆ ಹೋಗಬೇಕು. ಕರೆಂಟಿನ ಕೆಲಸಕ್ಕೆ ಬಳಸುವ ದಪ್ಪ ತಾಮ್ರದ ತಂತಿಯ ತುಂಡನ್ನು, ಮೇಲಿನ ಪ್ಲಾಸ್ಟಿಕ್ ತೆಗೆಯದೆ, ಆ ಗೆರೆಯ ಮೇಲೆ ಒತ್ತಿ ಬಾಗಿಸಿ. ಆಕಾರ ಕೆಡದಂತೆ ತೆಗೆದು ಕಾಗದದ ಮೇಲಿಟ್ಟು ಗುರುತು ಮಾಡಿ. ಎರಡೂ ಕಡೆ ಅಳೆಯಿರಿ. ಒಂದು ಸ್ತನ ತುಸು ದೊಡ್ಡದಿರುವುದು ಸಹಜ, ದೊಡ್ಡದಕ್ಕೇ ಲೆಕ್ಕ ಹಿಡಿಯಿರಿ.

ಅಂಗಡಿಗೆ ಹೋಗುವಾಗ ಆ ಕಾಗದ ಜೊತೆಗಿರಲಿ. ನಿಮ್ಮ ಸೈಜಿನ ವೈರಿನ ಜೊತೆಗೆ ಒಂದು ಸೈಜ್ ಚಿಕ್ಕದು, ಒಂದು ದೊಡ್ಡದು ಕೂಡ ತನ್ನಿ. ಮೂರನ್ನೂ ಗುರುತಿನ ಮೇಲಿಟ್ಟು ನೋಡಿ. ಬ್ರಾ ಹಾಕಿಕೊಂಡಾಗ ಬ್ಯಾಂಡ್ ಎಳೆದು ವೈರ್ ಸ್ವಲ್ಪ ಅಗಲವಾಗುತ್ತದೆ, ಅದಕ್ಕೇ ಕಾಗದದ ಮೇಲೆ ಅದು ಗುರುತಿಗಿಂತ ಕೂದಲೆಳೆ ಕಿರಿದಾಗಿದ್ದರೆ ಒಳ್ಳೆಯದೇ, ಅಗಲವಾಗಿದ್ದರೆ ಬೇಡವೇ ಬೇಡ. ಎತ್ತರದ ತುದಿ ಕಂಕುಳ ಕಡೆಗೆ, ಗಿಡ್ಡ ತುದಿ ಎದೆಯ ನಡುವಿಗೆ.

ಕಪ್ಪಿನ ತುಂಡುಗಳನ್ನು 6 ಮಿ.ಮೀ. ಮಾರ್ಜಿನ್ ಬಿಟ್ಟು ಜೋಡಿಸಿ, ತಳಪಟ್ಟಿಗೆ ಸೇರಿಸಿ. ಇದು ಬ್ಲೌಸಿನ ಕೆಲಸವೇ.

ಆಮೇಲೆ ವೈರ್ ಪಟ್ಟಿ, ಅಂದರೆ ವೈರ್ ತೂರಿಸಲೆಂದೇ ರೆಡಿಮೇಡ್ ಸಿಗುವ ದಪ್ಪ, ಮೆತ್ತನೆಯ ಕೊಳವೆಯಂಥ ಪಟ್ಟಿ. ಲಂಗದ ಲಾಡಿ ಓಡಾಡುವ ಹಾಗೆ ವೈರ್ ಇದರೊಳಗೆ ಸಲೀಸಾಗಿ ಜಾರಬೇಕು. ಕಪ್ಪೂ ತಳಪಟ್ಟಿಯೂ ಸೇರುವ ಹೊಲಿಗೆಯ ಒಳಮೈಯಲ್ಲಿ ಪಟ್ಟಿಯನ್ನಿಟ್ಟು ಮೊದಲ ಸಾಲನ್ನು ಮಾರ್ಜಿನ್ ಬಟ್ಟೆಯ ಮೇಲೆ ಮಾತ್ರ ಹಾಕಿ. ಕಪ್ಪಿನ ಬಟ್ಟೆ ಸೂಜಿಗೆ ಸಿಗಬಾರದು. ಕಂಕುಳ ತುದಿ 2 ಸೆಂ.ಮೀ. ಇರುವಾಗಲೇ ನಿಲ್ಲಿಸಿ, ಆ ಜಾಗದಲ್ಲಿ ಪಟ್ಟಿಯ ಅಡಿಗೆ ಎಲಾಸ್ಟಿಕ್ ಹೋಗಬೇಕು. ಬಹಳ ಜನ ಕೊನೆಯವರೆಗೂ ಹೊಲಿದು ಆಮೇಲೆ ಬಿಚ್ಚುತ್ತಾ ಕೂರುತ್ತಾರೆ. ಪಟ್ಟಿಯನ್ನು ತಳಪಟ್ಟಿಯ ಕಡೆ ಮಡಚಿ, ಇನ್ನೊಂದು ಅಂಚಿಗೆ ಎರಡನೇ ಸಾಲು ಹಾಕಿ. ಲೈನಿಂಗ್ ಬಟ್ಟೆಯ ಕ್ರಾಸ್ ಪಟ್ಟಿಯೇ ಸಾಕು ಅನ್ನುವವರ ಮಾತು ಕೇಳಬೇಡಿ. ತೆಳು ಬಟ್ಟೆಯನ್ನು ವೈರ್ ಬೇಗ ತೂತು ಮಾಡುತ್ತದೆ.

ವೈರಿಗಿಂತ ಪಟ್ಟಿ ಉದ್ದವಿರಬೇಕು. ಎಲಾಸ್ಟಿಕ್ ತಿನ್ನುವ ಜಾಗ ಬಿಟ್ಟು, ಎರಡೂ ತುದಿಯಲ್ಲಿ ಸುಮಾರು 6 ಮಿ.ಮೀ. ಖಾಲಿ ಇರಲಿ. ಈ ಖಾಲಿ ಜಾಗ ಬಿಡದೆ ವೈರನ್ನು ಬಿಗಿಯಾಗಿ ತುರುಕುವುದರಿಂದಲೇ ಅದು ತುದಿ ಹರಿದು ಹೊರಗೆ ಬರುವುದು. ವೈರ್ ಉದ್ದವಾಯಿತಾ? ಕತ್ತರಿಸಿ, ಅರದಿಂದ ಉಜ್ಜಿ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬನ್ನು ತುದಿಗೆ ಹಾಕಿ ಬಿಸಿ ಮಾಡಿ. ನೇಲ್ ಪಾಲಿಶ್ ಬಳಿಯುವುದು ಸುಮ್ನೆ, ಒಗೆದರೆ ಎದ್ದುಹೋಗುತ್ತದೆ.

ಎಲಾಸ್ಟಿಕ್ಕಿಗೆ ಮುಂಚೆ ಫಿಟಿಂಗ್ ನೋಡಲೇಬೇಕು. ಬ್ಯಾಂಡ್, ಹೆಗಲ ಪಟ್ಟಿಗಳನ್ನು ಕಚ್ಚಾ ಹೊಲಿಗೆಯಲ್ಲಿ ಹಿಡಿಸಿ, ವೈರ್ ತೂರಿಸಿ, ತುದಿಗಳನ್ನು ಕೈಯಲ್ಲೇ ಎರಡು ಹೊಲಿಗೆ ಹಾಕಿ ತಡೆಯಿರಿ. ಕಡೆಯ, ಅಂದರೆ ಎಲ್ಲಕ್ಕಿಂತ ಸಡಿಲವಾದ ಹುಕ್ಕಿಗೆ ಹಾಕಿ; ಒಗೆದಂತೆ ಬ್ಯಾಂಡ್ ಹಿಗ್ಗಿದಾಗ ಒಳಗಿನ ಹುಕ್ಕುಗಳು ಬೇಕಾಗುತ್ತವೆ. ಮುಂದಕ್ಕೆ ಬಾಗಿ, ಕಂಕುಳ ಕಡೆಯ ಮಾಂಸವನ್ನು ಕೈಯಿಂದ ಕಪ್ಪಿನೊಳಗೆ ಎಳೆದುಕೊಂಡು ನೆಟ್ಟಗೆ ನಿಲ್ಲಿ. ನಡುವಿನ ತುಂಡು ಎದೆಮೂಳೆಗೆ ಅಂಟದೆ ಎದ್ದು ನಿಂತರೆ ಸಾಮಾನ್ಯವಾಗಿ ಕಪ್ ಚಿಕ್ಕದು. ಪಕ್ಕದಲ್ಲಿ ವೈರ್ ಸ್ತನದ ಮೇಲೇ ಕೂತರೆ ವೈರ್ ಕಿರಿದು. ಬೆನ್ನಲ್ಲಿ ಬ್ಯಾಂಡ್ ಮೇಲೇರಿದರೆ ಬ್ಯಾಂಡ್ ಬಿಗಿ ಮಾಡಿ, ಹೆಗಲ ಪಟ್ಟಿ ಎಳೆದು ಸರಿಮಾಡಲು ಹೋಗಬೇಡಿ. ಕಪ್ಪಿನ ಮೇಲಂಚು ಮಾತ್ರ ಸಡಿಲವಾಗಿದ್ದರೆ ಮೇಲಿನ ತುಂಡಿನಲ್ಲಷ್ಟೇ ಹಿಡಿಯಿರಿ.

ಸರಿ ಬಂದ ಮೇಲೆ ವೈರ್ ಹೊರತೆಗೆದು ಎಲಾಸ್ಟಿಕ್ ಹೊಲಿಯಿರಿ. ವೈರ್ ಒಳಗಿದ್ದಾಗ ಮಷೀನು ಓಡಿಸಿದರೆ ಸೂಜಿ ಮುರಿದು ಕಣ್ಣಿಗೆ ಹಾರಬಹುದು. ಕಪ್ಪಿನ ಕೆಳಗೆ ಎಲಾಸ್ಟಿಕ್ ಎಳೆಯದೆ, ಬ್ಯಾಂಡಿನಲ್ಲಿ ತುಸು ಎಳೆದು, ಝಿಗ್‌ಝ್ಯಾಗಿನಲ್ಲಿ ಎರಡು ಸಲ ಹಿಡಿಸಿ. ಮತ್ತೆ ವೈರ್ ತೂರಿಸಿ, ತುದಿಯನ್ನು ಮೇಲಿಂದ ಕೆಳಗೆ ಒತ್ತಿ ಹಿಡಿದುಕೊಂಡು, ಪಟ್ಟಿಗೆ ಅಡ್ಡಲಾಗಿ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದು ಮುಚ್ಚಿ. ಸೂಜಿ ವೈರಿಗೆ ತಾಗದಂತೆ ಇಲ್ಲಿ ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಒಂದು ಗಂಟೆ ಹಾಕಿಕೊಂಡು ಮನೆಗೆಲಸ ಮಾಡಿ, ಬಾಗಿ ಕಸ ಗುಡಿಸಿ, ಅಟ್ಟದಿಂದ ಏನಾದರೂ ಇಳಿಸಿ. ಬಿಚ್ಚಿದಾಗ ಮಡಿಕೆಯ ಗೆರೆಯಲ್ಲಿ ತೆಳು ಗುರುತು ಇದ್ದರೆ ತೊಂದರೆಯಿಲ್ಲ. ಕಂಕುಳಲ್ಲೋ ಸ್ತನದ ಮೇಲೋ ಕೆಂಪಾಗಿದ್ದರೆ ಆ ತುದಿಯ ಹೊಲಿಗೆ ಬಿಚ್ಚಿ, ತಂದಿಟ್ಟ ಇನ್ನೊಂದು ಸೈಜಿನ ವೈರ್ ಹಾಕಿ ನೋಡಿ.