ಶುಗರ್ ಇರೋ ಮಗುವಿಗೆ ಸಿಆರ್‌ಪಿ ಜಾಸ್ತಿ ಬಂದರೆ ಕಣ್ಣು ಕೆಟ್ಟಿದೆ ಅಂತಲ್ಲ, ಹೀಗೆ ಮಾಡಿ

ಮಗುವಿಗೆ ಟೈಪ್ 1 ಶುಗರ್ ಇದೆ ಅಂದ್ರೆ ಲ್ಯಾಬ್‌ನವರು ಪ್ಯಾಕೇಜ್ ಅಂತ ಸಿಆರ್‌ಪಿ, ಇಎಸ್‌ಆರ್ (ಮೈಯಲ್ಲಿ ಉರಿಯೂತ ಇದೆಯಾ ಅಂತ ಸುಳಿವು ಕೊಡೋ ರಕ್ತಪರೀಕ್ಷೆಗಳು) ಕೂಡ ಸೇರಿಸಿ ಕೊಡೋದುಂಟು. ಅದರಲ್ಲೊಂದು ನಂಬರ್ ದಪ್ಪಕ್ಷರದಲ್ಲಿ ಬಂತೋ, ಮನೆ ಮಂದಿಗೆಲ್ಲ ಗಾಬರಿ. ಉರಿಯೂತಕ್ಕೂ ಕಣ್ಣಿಗೂ ಸಂಬಂಧವೇ ಇಲ್ಲ ಅಂತಲ್ಲ. ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಸಣ್ಣ ರಕ್ತನಾಳಗಳ ಒಳಗೋಡೆಗೆ ಉರಿಯೂತ ಬರುತ್ತದೆ, ಬಿಳಿ ರಕ್ತಕಣ ಅಲ್ಲಿ ಅಂಟಿಕೊಳ್ಳುತ್ತವೆ, ಕಣ್ಣಿನ ಅಕ್ಷಿಪಟಲದ (ಹಿಂದಿನ ಪರದೆ, ರೆಟಿನಾ) ನಾಳಗಳು ಉಬ್ಬಿ ಸೋರಲು ಶುರುವಾಗುತ್ತವೆ. ಇದರ ಸುಳಿವು ರಕ್ತದಲ್ಲಿ ಮೊದಲೇ ಸಿಗುತ್ತದಾ ಅಂತ ಸಿಆರ್‌ಪಿ, ಐಎಲ್-6, ಟಿಎನ್‌ಎಫ್-ಆಲ್ಫಾ ಅನ್ನೋ ಉರಿಯೂತದ ಪ್ರೋಟೀನ್‌ಗಳ ಮೇಲೆ ಸಂಶೋಧನೆ ನಡೆದಿದೆ. ಆದರೆ ನಿಮ್ಮ ಮಗುವಿನ ಕಣ್ಣು ಹೇಗಿದೆ ಅಂತ ಇವು ಹೇಳಲ್ಲ.

ರಿಪೋರ್ಟ್ ಓದುವಾಗ ಮೊದಲು ನೆನಪಿಸಿಕೊಳ್ಳಿ, ಆ ವಾರ ಜ್ವರ, ನೆಗಡಿ, ಹಲ್ಲುನೋವು ಇತ್ತಾ? ಅಷ್ಟಕ್ಕೇ ಸಿಆರ್‌ಪಿ ಏರುತ್ತದೆ. ಹೈ-ಸೆನ್ಸಿಟಿವ್ ಸಿಆರ್‌ಪಿ ಪಕ್ಕ 1, 3 ಅಂತ ಗೆರೆ ಹಾಕಿರುತ್ತಾರಲ್ಲ, ಅದು ದೊಡ್ಡವರ ಹೃದಯದ ಅಪಾಯದ ಲೆಕ್ಕ. ಉರಿಯೂತ ಎಷ್ಟಿದೆ ನೋಡೋಣ ಅಂತ ಬಿಳಿ ರಕ್ತಕಣಗಳ ಸಾಲು ಹಿಡಿದು ನ್ಯೂಟ್ರೋಫಿಲ್ 60, ಲಿಂಫೋಸೈಟ್ 30, ಭಾಗಿಸಿದರೆ 2 ಅಂತ ಮೊಬೈಲ್‌ನಲ್ಲಿ ಲೆಕ್ಕ ಹಾಕೋದೂ ಸುಮ್ನೆ, ಪುಟ್ಟ ಮಕ್ಕಳಲ್ಲಿ ಲಿಂಫೋಸೈಟ್ ಹೇಗೂ ಜಾಸ್ತಿಯೇ. ರಕ್ತ ಕಡಿಮೆ ಇದ್ದರೆ ಇಎಸ್‌ಆರ್ ಏರುತ್ತದೆ, ಎಚ್‌ಬಿಎ1ಸಿ (ಸುಮಾರು 3 ತಿಂಗಳ ಸರಾಸರಿ ಸಕ್ಕರೆ ತೋರಿಸೋ ಪರೀಕ್ಷೆ) ಕೂಡ ತಪ್ಪು ತೋರಿಸಬಹುದು. ನಮ್ಮ ಕಲಬುರಗಿ, ಯಾದಗಿರಿ ಕಡೆ ಮಕ್ಕಳಿಗೆ ರಕ್ತಹೀನತೆ ಜಾಸ್ತಿ, ಹಾಗಾಗಿ ಹಿಮೋಗ್ಲೋಬಿನ್ ಸಾಲು ನೋಡದೆ ಮುಂದೆ ಹೋಗಬೇಡಿ.

ದುಡ್ಡು ಹಾಕೋದಿದ್ದರೆ 3 ತಿಂಗಳಿಗೊಮ್ಮೆ ಎಚ್‌ಬಿಎ1ಸಿಗೆ ಹಾಕಿ. ಮೂತ್ರದ ಆಲ್ಬುಮಿನ್ (ಕಿಡ್ನಿಯ ಸುಳಿವು ಕೊಡೋ ಪ್ರೋಟೀನ್), ಬಿಪಿ ಯಾವಾಗ ನೋಡಬೇಕು ಅಂತ ಡಾಕ್ಟರ್‌ನ ಕೇಳಿ.

ಈಗ ಕಣ್ಣು. ಶುರುವಿನಲ್ಲಿ ಮಗುವಿಗೆ ಏನೂ ಗೊತ್ತಾಗಲ್ಲ, ಬೋರ್ಡ್ ಚೆನ್ನಾಗೇ ಕಾಣುತ್ತದೆ. ಚಷ್ಮಾ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಪರದೆಯ ಈ ತೊಂದರೆ ಸಿಗಲ್ಲ. ಟೈಪ್ 1 ಬಂದು 3ರಿಂದ 5 ವರ್ಷ ಆಗಿ, ಮಗುವಿಗೆ 11 ತುಂಬಿದ್ದರೆ ಅಥವಾ ಪ್ರಾಯದ ಲಕ್ಷಣ ಶುರುವಾಗಿದ್ದರೆ ಮೊದಲ ಅಕ್ಷಿಪಟಲ ಪರೀಕ್ಷೆ ಮಾಡಿಸಿ. ಆಮೇಲೆ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ. ಟೈಪ್ 2 ಆದರೆ ಕಾಯಿಲೆ ಗೊತ್ತಾದ ಕೂಡಲೇ, ನಂತರ ವರ್ಷ ವರ್ಷ.

ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್ ಸರ್ಕಾರಿ ಆಸ್ಪತ್ರೆಗೆ ಹೋದರೆ ಕಣ್ಣಿನ ವಿಭಾಗದಲ್ಲಿ “ಶುಗರ್ ಇದೆ, ಡ್ರಾಪ್ಸ್ ಹಾಕಿ ಹಿಂದಿನ ಪರದೆ ನೋಡಬೇಕು” ಅಂತ ಬಾಯಿಬಿಟ್ಟು ಹೇಳಿ. ಡ್ರಾಪ್ಸ್ ಹಾಕಿ, ಪಾಪೆ ಅಗಲ ಆಗೋವರೆಗೆ ಬೆಂಚಿನ ಮೇಲೆ ಕೂರಿಸುತ್ತಾರೆ. ಇಲ್ಲೇ ಎಡವಟ್ಟು ಆಗೋದು. ಬೆಳಗ್ಗೆ ಇನ್ಸುಲಿನ್ ಕೊಟ್ಟು, ಸಾಲು ಉದ್ದ ಇದೆ ಅಂತ ಊಟ ತಡ ಮಾಡಿದರೆ ಸಕ್ಕರೆ ಕುಸಿಯುತ್ತದೆ. ಚೀಲದಲ್ಲಿ ಗ್ಲುಕೋಮೀಟರ್, ಗ್ಲೂಕೋಸ್ ಪುಡಿ, ರೊಟ್ಟಿ-ಪಲ್ಯ ಇರಲಿ. ಡ್ರಾಪ್ಸ್ ಆದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕು, ನಮ್ಮ ಬಿಸಿಲಿಗಂತೂ ಕಣ್ಣು ಬಿಡೋಕಾಗಲ್ಲ. ಟೊಪ್ಪಿಗೆ ಒಯ್ಯಿರಿ, ಅವತ್ತು ಶಾಲೆ ಬೇಡ.

ಪರದೆಯಲ್ಲಿ ಚುಕ್ಕೆ ಇದೆ ಅಂದರೆ ಗಾಬರಿಯಲ್ಲಿ ನೀವೇ ಇನ್ಸುಲಿನ್ ಏರಿಸಬೇಡಿ. ತುಂಬಾ ದಿನ ಏರಿದ್ದ ಸಕ್ಕರೆಯನ್ನು ಒಮ್ಮೆಲೇ ಇಳಿಸಿದರೆ ಕಣ್ಣು ಸ್ವಲ್ಪ ಕಾಲ ಇನ್ನೂ ಹದಗೆಡುವುದುಂಟು. ಎಷ್ಟು ಬೇಗ ಇಳಿಸಬೇಕು ಅನ್ನೋದನ್ನ ಶುಗರ್ ಡಾಕ್ಟರೇ ಹೇಳಲಿ, ಕಣ್ಣಿನ ಚೀಟಿ ಅವರ ಕೈಗೆ ಕೊಡಿ.