ಕೋಲಾರದ ಅಂಗಳದಲ್ಲಿ ‘ಭಾರತೀಯ ವೃತ್ತ’: ನೆರಳಿನಿಂದ ದಿಕ್ಕು, ಅಕ್ಷಾಂಶ ಅಳೆಯುವ ಬಗೆ

ಪಾರಸಿ ಸೀಮೆಯ ಖಗೋಳಜ್ಞರು ಉತ್ತರ–ದಕ್ಷಿಣ ರೇಖೆಯನ್ನು ಗುರುತಿಸಲು ನೆಲದ ಮೇಲೆ ಎಳೆಯುತ್ತಿದ್ದ ವೃತ್ತವನ್ನು ‘ದಾಯಿರಾ ಹಿಂದಿಯ್ಯಾ’, ಅಂದರೆ ಭಾರತೀಯ ವೃತ್ತ, ಎಂದು ಕರೆಯುತ್ತಿದ್ದರು. ನಮ್ಮ ‘ಶಂಕುಸ್ಥಾಪನೆ’ ಎಂಬ ಮಾತಿನಲ್ಲಿ ಉಳಿದಿರುವ ಶಂಕುವೇ, ಅಂದರೆ ನೆರಳು ನೋಡಲು ನೆಟ್ಟಗೆ ನಿಲ್ಲಿಸುವ ಗೂಟವೇ, ಅದರ ನಡುವೆ ನಿಲ್ಲುತ್ತಿತ್ತು. 973ರಲ್ಲಿ ಮಧ್ಯ ಏಷ್ಯಾದ ಖ್ವಾರಜಂನಲ್ಲಿ ಹುಟ್ಟಿದ ಖಗೋಳಜ್ಞ ಅಲ್‌ಬಿರೂನಿ, ಊರುಗಳ ಅಕ್ಷಾಂಶ–ರೇಖಾಂಶಗಳ ನಿರ್ಣಯಕ್ಕೆಂದೇ ಒಂದು ಗ್ರಂಥವನ್ನು ಬರೆದು 1025ರಲ್ಲಿ ಮುಗಿಸಿದನು. ಅದೇ ಬಗೆಯ ಅಳತೆಯನ್ನು ನಮ್ಮ ಮನೆಯಂಗಳದಲ್ಲಿಯೂ ಮಾಡಬಹುದು.

ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲು ಬೀಳುವ ತಾರಸಿಯನ್ನೋ ಚಪ್ಪಡಿ ಹಾಸಿದ ಜಾಗವನ್ನೋ ಆರಿಸಿಕೊಂಡು ರಸಮಟ್ಟವಿಟ್ಟು ನೋಡಿರಿ. ಅಂತರಗಂಗೆ ಬೆಟ್ಟದ ಮಗ್ಗುಲಲ್ಲಿ ಮನೆಯಿದ್ದರೂ ಅಡ್ಡಿಯಿಲ್ಲ, ಏಕೆಂದರೆ ಸಂಜೆಯ ಇಳಿಬಿಸಿಲು ಈ ಕೆಲಸಕ್ಕೆ ಬೇಕಾಗುವುದಿಲ್ಲ. ಒಂದು ಮೀಟರಿಗಿಂತ ಸ್ವಲ್ಪ ಉದ್ದದ ಕೋಲನ್ನು ನಿಲ್ಲಿಸಿ, ಅದರ ತುದಿಗೆ ದಪ್ಪ ರಟ್ಟನ್ನು ಅಡ್ಡಲಾಗಿ ಬಿಗಿದು, ರಟ್ಟಿನಲ್ಲಿ ಎರಡು ಮಿಲಿಮೀಟರಿನ ತೂತು ಮಾಡಿರಿ. ತೂತು ನೆಲದಿಂದ ಸರಿಯಾಗಿ 100 ಸೆಂಟಿಮೀಟರ್ ಎತ್ತರದಲ್ಲಿರಬೇಕು.

ಬರಿಯ ಕೋಲಿನ ನೆರಳನ್ನೇ ಏಕೆ ಅಳೆಯಬಾರದು? ಸೂರ್ಯಬಿಂಬ ಸುಮಾರು ಅರ್ಧ ಡಿಗ್ರಿ ಅಗಲವಿರುವುದರಿಂದ ನೆರಳಿನ ತುದಿ ಮಸುಕಾಗಿ ಹರಡಿಕೊಳ್ಳುತ್ತದೆ. ತೂತಿನಿಂದ ಬಿದ್ದ ಬೆಳಕು ಒಂದು ಸೆಂಟಿಮೀಟರಿಗಿಂತ ತುಸು ಅಗಲದ ಚುಕ್ಕೆಯಾಗಿ ಮೂಡುತ್ತದೆ, ಅದರ ನಡುವನ್ನು ಕಣ್ಣಳತೆಯಲ್ಲೇ ಹಿಡಿಯಬಹುದು. 994ರಲ್ಲಿ ಈಗಿನ ತೆಹರಾನಿನ ಬಳಿಯ ರಯ್ ನಗರದಲ್ಲಿ ಖಗೋಳಜ್ಞ ಅಲ್‌ಖುಜಂದಿಯು ಸುಮಾರು 20 ಮೀಟರ್ ತ್ರಿಜ್ಯದ ಕಟ್ಟಡಯಂತ್ರವನ್ನು ಭೂಮಿಯ ಅಕ್ಷದ ವಾಲುವಿಕೆ ತಿಳಿಯಲೆಂದು ಕಟ್ಟಿಸಿ, ಮೇಲಿನ ರಂಧ್ರದಿಂದ ಬಿದ್ದ ಇಂಥದೇ ಬೆಳಕಿನ ಬಿಂಬವನ್ನು ಅಳೆದನು. ಆ ರಂಧ್ರವು ಒಂದು ಗೇಣಿನಷ್ಟು ಕುಸಿದಿತ್ತೆಂದೂ ಅಳತೆಯ ದೋಷಕ್ಕೆ ಅದೇ ಕಾರಣವೆಂದೂ ಬಿರೂನಿ ಬರೆದಿದ್ದಾನೆ. ನಾನು ಮೊದಲ ಸಲ ಕೋಲನ್ನು ಅಂಗಳದ ಕೆಮ್ಮಣ್ಣಿನಲ್ಲಿ ನೆಟ್ಟಿದ್ದೆ. ನೀರು ಚಿಮುಕಿಸಿದ ಮಣ್ಣು ಮಧ್ಯಾಹ್ನದ ಹೊತ್ತಿಗೆ ಬಿರುಕುಬಿಟ್ಟು ಕೋಲು ವಾಲಿತು, ದಿನವಿಡೀ ಗುರುತಿಸಿದ್ದು ವ್ಯರ್ಥವಾಯಿತು. ಆದ್ದರಿಂದ ಗಾರೆ ಕೆಲಸದವರು ಗೋಡೆಗೆ ಇಳಿಬಿಡುವ ಗುಂಡನ್ನು ತೂತಿನಿಂದಲೇ ಇಳಿಬಿಟ್ಟು, ಅದು ನೆಲ ಮುಟ್ಟುವ ಬಿಂದುವನ್ನು ಬೆಳಿಗ್ಗೆಯೂ ಸಂಜೆಯೂ ಪರೀಕ್ಷಿಸಿರಿ. ಎಲ್ಲ ಅಳತೆಗೂ ಆ ಬಿಂದುವೇ ಕೇಂದ್ರ, ಕೋಲಿನ ಬುಡವಲ್ಲ.

ಆ ಕೇಂದ್ರದಿಂದ ದಾರ ಹಿಡಿದು, ರಂಗೋಲಿ ಪುಡಿಯ ಬದಲು ಸೀಮೆಸುಣ್ಣದಿಂದ, 80, 90 ಮತ್ತು 100 ಸೆಂಟಿಮೀಟರ್ ತ್ರಿಜ್ಯದ ವೃತ್ತಗಳನ್ನು ಎಳೆಯಿರಿ. ಮೋಡ ಕವಿದು ಒಂದು ತಪ್ಪಿದರೆ ಇನ್ನೊಂದು ಒದಗುತ್ತದೆ. ಬೆಳಕಿನ ಚುಕ್ಕೆಯು ಬೆಳಿಗ್ಗೆ ವೃತ್ತದೊಳಕ್ಕೆ ಬರುವ ಬಿಂದುವನ್ನೂ ಮಧ್ಯಾಹ್ನ ಹೊರಕ್ಕೆ ಹೋಗುವ ಬಿಂದುವನ್ನೂ ಗುರುತಿಸಿ ಸೇರಿಸಿದರೆ ಪೂರ್ವ–ಪಶ್ಚಿಮ ರೇಖೆ ದೊರೆಯುತ್ತದೆ. ಅದರ ಮಧ್ಯಬಿಂದುವಿನಿಂದ ಕೇಂದ್ರಕ್ಕೆ ಎಳೆದದ್ದು ಉತ್ತರ–ದಕ್ಷಿಣ ರೇಖೆ. ಸೂರ್ಯನ ಕ್ರಾಂತಿ, ಅಂದರೆ ಆಕಾಶದ ನಡುರೇಖೆಯಿಂದ ಅದು ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುವ ಕೋನ, ಅಷ್ಟಾಗಿ ಬದಲಾಗದ ಡಿಸೆಂಬರ್ 21ರ ಆಸುಪಾಸು ಇದಕ್ಕೆ ಅತ್ಯುತ್ತಮ ಕಾಲ.

ಅಕ್ಷಾಂಶಕ್ಕೆ ಹಗಲು–ರಾತ್ರಿ ಹೆಚ್ಚುಕಡಿಮೆ ಸಮವಾಗಿರುವ ಮಾರ್ಚ್ 20ರ ವಿಷುವದ್ದಿನ ಬೇಕು. ಕೋಲಾರದಲ್ಲಿ ಆ ದಿನ ಚುಕ್ಕೆಯು ಉತ್ತರ–ದಕ್ಷಿಣ ರೇಖೆಯನ್ನು ದಾಟುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 25 ನಿಮಿಷಕ್ಕೆ. ಕೇಂದ್ರದಿಂದ ಚುಕ್ಕೆಗೆ ಸುಮಾರು 23 ಸೆಂಟಿಮೀಟರ್ ಬರುತ್ತದೆ. ಅದನ್ನು 100ರಿಂದ ಭಾಗಿಸಿ, ಯಾವ ಕೋನದ ಟ್ಯಾಂಜೆಂಟ್ ಅದೆಂದು ಕ್ಯಾಲ್ಕುಲೇಟರಿನಲ್ಲಿ ನೋಡಿದರೆ 13 ಡಿಗ್ರಿ ಸಿಗುತ್ತದೆ, ಅದೇ ಕೋಲಾರದ ಅಕ್ಷಾಂಶ. ಪಂಚಾಂಗದವರು ‘ಪಲಭಾ’ ಎನ್ನುವುದು 12 ಅಂಗುಲದ ಶಂಕುವಿನ ಇದೇ ನೆರಳನ್ನು. ಇಲ್ಲಿ ಅದು 2.8 ಅಂಗುಲ.

ಬಿರೂನಿಯ ನಾಡಿಗೂ ನಮ್ಮ ಊರಿಗೂ ಒಂದು ವ್ಯತ್ಯಾಸವಿದೆ. ಅಲ್ಲಿ ನಡುಹಗಲ ನೆರಳು ವರ್ಷವಿಡೀ ಉತ್ತರಕ್ಕೇ ಬೀಳುತ್ತದೆ. ಇಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಯನ್ನು ದಾಟಿದ ಮೇಲೆ ಆಗಸ್ಟ್ ನಡುವಿನವರೆಗೆ ಅದು ದಕ್ಷಿಣಕ್ಕಿರುತ್ತದೆ. ಜೂನ್ 21ರಂದು ಚುಕ್ಕೆಯು ಕೇಂದ್ರದ ದಕ್ಷಿಣಕ್ಕೆ 18 ಸೆಂಟಿಮೀಟರ್ ದೂರದಲ್ಲೂ, ಡಿಸೆಂಬರ್ 21ರಂದು ಉತ್ತರಕ್ಕೆ 74 ಸೆಂಟಿಮೀಟರ್ ದೂರದಲ್ಲೂ ಬೀಳುತ್ತದೆ. ರಯ್‌ನಲ್ಲಿ ಈ ಎರಡು ದಿನಗಳ ಕೋನಗಳ ವ್ಯತ್ಯಾಸದ ಅರ್ಧವೇ ಭೂಮಿಯ ಅಕ್ಷದ ವಾಲುವಿಕೆ. ಕೋಲಾರದಲ್ಲಿ ಕೋನಗಳನ್ನು ಕಳೆಯದೆ ಕೂಡಿಸಿ ಅರ್ಧ ಮಾಡಬೇಕು. ಆಗ ಇಪ್ಪತ್ತಮೂರೂವರೆ ಡಿಗ್ರಿಗೆ ಹತ್ತಿರದ ಉತ್ತರ ಬರುತ್ತದೆ.