ಅಂಗಡಿಯಲ್ಲಿ ಗಟ್ಟಿ, ಒಗೆದರೆ ಮೆತ್ತಗೆ: ಕ್ಯಾನ್ವಾಸ್ ಆರಿಸುವ ಬಗೆ

ರವಿಕೆಯ ಕುತ್ತಿಗೆ ಬಿಗಿಯಾಗಿ ನಿಲ್ಲಲೆಂದು ಒಳಗೆ ಇಡುವ ಕ್ಯಾನ್ವಾಸ್ ಕೈಗೆ ಗಟ್ಟಿಯಾಗಿ ಸಿಕ್ಕಿತೆಂದು ಮೀಟರುಗಟ್ಟಲೆ ತರಬೇಡಿ. ಬಕ್ರಮ್ ಎಂಬ ಗಟ್ಟಿ ಬಟ್ಟೆ ಅಗ್ಗದ್ದಾದರೆ ಅದರ ಬಿಗಿ ಹೆಚ್ಚಾಗಿ ಗಂಜಿಯದು. ಮೂಲೆಯನ್ನು ಬೆರಳಲ್ಲಿ ಬಲವಾಗಿ ಉಜ್ಜಿ, ಬಿಳಿ ಪುಡಿ ಉದುರಿತೋ ನೋಡಿ. ಚೂರೊಂದನ್ನು ಹತ್ತು ನಿಮಿಷ ನೀರಲ್ಲಿ ಹಾಕಿದರೆ ಬಣ್ಣ ಪೂರ್ತಿ ಬಯಲು: ಗಂಜಿ ಬಿಟ್ಟು ಜಾಳುಜಾಳಾಗಿ ಜೋತುಬೀಳುತ್ತದೆ. ಶಿರಸಿಯಿರಲಿ, ಕಾರವಾರವಿರಲಿ, ಮಳೆಗಾಲದಲ್ಲಿ ಕಪಾಟಿನೊಳಗಿನ ಬಟ್ಟೆಯೂ ತಣ್ಣಗೆ ತೇವ ಹಿಡಿದಿರುತ್ತದೆ. ಬೂಸಿಗೆ ಅಂಥ ಗಂಜಿ ಸಿಕ್ಕರೆ ಊಟ ಬಡಿಸಿಟ್ಟ ಹಾಗೆ. ರೇಷ್ಮೆ ರವಿಕೆಯಲ್ಲಿ ಕುತ್ತಿಗೆ ಪಟ್ಟಿಗೆ ಮಾತ್ರ ಚುಕ್ಕಿ ಎದ್ದಿದ್ದರೆ ಮೊದಲು ಒಳಗಿನ ಕ್ಯಾನ್ವಾಸನ್ನೇ ಅನುಮಾನಿಸಿ.

ಇಸ್ತ್ರಿಗೆ ಅಂಟುವ ಪೇಸ್ಟಿಂಗ್ ಕ್ಯಾನ್ವಾಸ್ ಮೇಲು. ಅದರಲ್ಲಿ ನೇಯ್ದದ್ದೊಂದು, ಕಾಗದದಂಥದ್ದೊಂದು. ಕಾಗದದಂಥದ್ದು ಚೀಲಕ್ಕೆ, ಪರ್ಸಿಗೆ ಸಾಕು. ದಿನಾ ಉಟ್ಟು ಒಗೆಯುವ ಬಟ್ಟೆಗೆ ನೇಯ್ದದ್ದೇ ಬೇಕು. ಅದನ್ನು ಕತ್ತರಿಸುವಾಗ ಉದ್ದ ಎಳೆ ಬಟ್ಟೆಯ ಉದ್ದ ಎಳೆಗೆ ಕೂಡಿರಲಿ, ಇಲ್ಲದಿದ್ದರೆ ಕುತ್ತಿಗೆ ಒಂದು ಬದಿಗೆ ಎಳೆಯುತ್ತದೆ. ತೂಕ ಬಟ್ಟೆಗಿಂತ ಸ್ವಲ್ಪ ಕಡಿಮೆಯದನ್ನೇ ಆರಿಸಿ, ಅಂಟಿದ ಮೇಲೆ ಅದು ಇನ್ನೂ ಬಿಗಿಯಾಗುತ್ತದೆ.

ಅಂಟಿಸಿದ ಬಟ್ಟೆಯಲ್ಲಿ ಹಲಸಿನ ಹಪ್ಪಳದ ಹಾಗೆ ಗುಳ್ಳೆ ಏಳುವುದೇ ಎಲ್ಲರ ದೂರು. ತಪ್ಪು ಹೆಚ್ಚಾಗಿ ಅಂಟಿಸುವ ಮೊದಲೇ ಆಗಿರುತ್ತದೆ. ಹತ್ತಿ ಬಟ್ಟೆಯನ್ನು ಒಗೆಯದೆ ಅಂಟಿಸಿದರೆ ಮೊದಲ ಒಗೆತಕ್ಕೆ ಬಟ್ಟೆ ಕುಗ್ಗುತ್ತದೆ, ಕ್ಯಾನ್ವಾಸ್ ಅದರಷ್ಟೇ ಕುಗ್ಗುವುದಿಲ್ಲ. ಬಟ್ಟೆ ಒಗೆದು ಒಣಗಿಸಿ; ನೇಯ್ದ ಕ್ಯಾನ್ವಾಸನ್ನು ಉಗುರು ಬೆಚ್ಚಗಿನ ನೀರಲ್ಲಿ 20 ನಿಮಿಷ ನೆನೆಸಿ, ಹಿಂಡದೆ ನೆರಳಿಗೆ ಹಾಕಿ. ಬಿಸಿ ನೀರು ಬೇಡ, ಅಂಟು ಸಡಿಲವಾಗುತ್ತದೆ. ಮಳೆಗಾಲದಲ್ಲಿ ಅಂಟಿಸುವ ಮುಂಚೆ ಬಟ್ಟೆಯನ್ನೊಮ್ಮೆ ನೀರು ಹಾಕದ ಇಸ್ತ್ರಿಯಲ್ಲಿ ಒಣಗಿಸಿಕೊಳ್ಳಿ. ಉಳಿದ ತೇವ ಆವಿಯಾಗಿ ಏಳುವಾಗ ಅಂಟು ಹಿಡಿಯುವುದಿಲ್ಲ.

ಹೊಳೆಯುವ ಕಣಗಳಿರುವ ಮಗ್ಗುಲು ಬಟ್ಟೆಯ ಒಳಮೈಗೆ ಬರಲಿ. ಅಪ್ಪಿತಪ್ಪಿ ಮೇಲಾದರೆ ಅಂಟು ಇಸ್ತ್ರಿಪೆಟ್ಟಿಗೆಯ ತಳಕ್ಕೆ ಹತ್ತುತ್ತದೆ, ಅದಕ್ಕೇ ನಡುವೆ ತೆಳು ಹತ್ತಿ ಬಟ್ಟೆ ಹಾಸುವುದು. ಇಸ್ತ್ರಿಯನ್ನು ಎಳೆದಾಡದೆ ಒಂದೆಡೆ 10ರಿಂದ 15 ಸೆಕೆಂಡ್ ಒತ್ತಿ, ಎತ್ತಿ, ಒತ್ತಿದ ಜಾಗದ ಮೇಲೆ ಅರ್ಧ ಬರುವಂತೆ ಪಕ್ಕಕ್ಕೆ ಇಡಿ. ರೇಷ್ಮೆಗೂ ಪಾಲಿಯೆಸ್ಟರಿಗೂ ಕಾವು ಕಡಿಮೆ, ಮೊದಲು ಚೂರಿನ ಮೇಲೆ ನೋಡಿಕೊಳ್ಳಿ. ಆಮೇಲೆ ಪೂರ್ತಿ ತಣ್ಣಗಾಗುವ ತನಕ ಅಲುಗಿಸಬೇಡಿ. ಅಂಟು ಗಟ್ಟಿಯಾಗುವುದು ತಣಿಯುವಾಗ. ಬಿಸಿಯಲ್ಲೇ ಎಬ್ಬಿಸಿ ಮೂಲೆ ಕೆರೆದು ನೋಡುವ ಆತುರ ಎಲ್ಲರಿಗೂ ಇರುತ್ತದೆ. ಸರಿಯಾಗಿ ಹಿಡಿಯದ ಜಾಗವನ್ನು ಮತ್ತೆ ಒತ್ತಿದರೆ ಆಯಿತು. ಕುಗ್ಗಿ ಎದ್ದ ಗುಳ್ಳೆಗೆ ಮಾತ್ರ ಮದ್ದಿಲ್ಲ, ಬಿಚ್ಚಲೇಬೇಕು.

ಮಷಿನ್ ಕಸೂತಿಗೆ ಬಟ್ಟೆ ಮುದುಡದಂತೆ ಹಿಂದಿಡುವ ಹಾಳೆಯ ಲೆಕ್ಕ ಬೇರೆ. ಗಟ್ಟಿ ಹತ್ತಿಗೆ ಹರಿದು ತೆಗೆಯುವ ಹಾಳೆ, ಎಳೆದರೆ ಹಿಗ್ಗುವ ಟೀ ಶರ್ಟಿಗೆ ಅಂಚು ಕತ್ತರಿಸಿ ಒಳಗೇ ಉಳಿಸುವ ಹಾಳೆ. ಹರಿಯುವುದನ್ನು ಹಿಗ್ಗುವ ಬಟ್ಟೆಗೆ ಹಾಕಿದರೆ ಒಗೆದ ಮೇಲೆ ಹೂವೆಲ್ಲ ಮುದುಡಿಕೊಳ್ಳುತ್ತದೆ. ನೆಟ್ ಬಟ್ಟೆಗೆ ನೀರಲ್ಲಿ ಕರಗುವ ಹಾಳೆ. ಟವೆಲ್ಲಿಗಾದರೆ ಅದನ್ನೇ ಮೇಲೂ ಹಾಸಬೇಕು, ಇಲ್ಲದಿದ್ದರೆ ದಾರ ಕುಚ್ಚಿನೊಳಗೆ ಹೂತುಹೋಗುತ್ತದೆ. ಕರಗುವ ಹಾಳೆಯನ್ನು ಮಳೆಗಾಲದಲ್ಲಿ ಹೊರಗಿಟ್ಟರೆ ಗಾಳಿಯ ತೇವಕ್ಕೇ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ಹಪ್ಪಳದ ಡಬ್ಬಿಯಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ.